ಕಾಲುಚೀಲದ ಪ್ರಬಂಧ

ನನ್ನ ನೂಡಲ್ಸ್ ಅಂಗಡಿ ಶಾಲೆಯ ಗೇಟಿನೆದುರಿಗೇ ಇದೆ. ಮೂಲೆಯ ಮೇಜಿನಲ್ಲಿ ಕೂತು ರುಯಿಲಾನ್ ಎಂಬ ಹುಡುಗಿ ಕಾಲೇಜು ಪ್ರವೇಶ ಪರೀಕ್ಷೆಗೆ ಓದುತ್ತಿದ್ದಳು. ತಾಯಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ತಂದೆಗೆ ಶೆನ್‌ಝೆನ್‌ನಲ್ಲಿ ಗಾರೆ ಕೆಲಸ. ಶಿಕ್ಷಕರ ಕಾಲೇಜಿನಲ್ಲಿ ಸೀಟು ಸಿಗದಿದ್ದರೆ ತಾನಿರುವ ಊರಿಗೇ ಬಂದು ಬೂಟು ಕಾರ್ಖಾನೆಗೆ ಸೇರಬೇಕೆಂದು ಅವನು ಹೇಳಿಬಿಟ್ಟಿದ್ದ. ಉಳಿದ ವಿಷಯಗಳು ಅವಳಿಗೆ ಸಲೀಸು. ಎಂಟುನೂರು ಅಕ್ಷರಗಳ ಪ್ರಬಂಧವೊಂದೇ ತೊಡಕು.

ಅಭ್ಯಾಸಕ್ಕೆಂದು ಅವಳು ತಾಯಿಯ ಕೊನೆಯ ದಿನವನ್ನು ಬರೆದಳು. ಆಸ್ಪತ್ರೆಯ ಮಂಚದ ಮೇಲಿದ್ದ ತಾಯಿ, ಕಾಲುಚೀಲ ಒಗೆದಿಲ್ಲವೆಂದು ಮಗಳನ್ನು ಬೈದು, ಗೋಡೆಯ ಕಡೆ ಹೊರಳಿದವಳು ಸಂಜೆಗೆ ಹೋಗಿಬಿಟ್ಟಿದ್ದಳು.

ಅವಳಿಗೆ ಪ್ರಬಂಧ ಕಲಿಸುವ ಟೆಂಗ್ ಮೇಷ್ಟ್ರು ನನ್ನಲ್ಲೇ ಊಟಕ್ಕೆ ಬರುತ್ತಿದ್ದರು. ಬಟ್ಟಲಿಗೆ ವಿನಿಗರ್ ಸುರಿದುಕೊಳ್ಳುತ್ತ ಆ ಹಾಳೆಯನ್ನು ಅವಳ ಮುಂದೆ ತಳ್ಳಿದರು. ಅರವತ್ತಕ್ಕೆ ಮೂವತ್ತೊಂದು.

“ನನ್ನ ಕ್ಲಾಸಲ್ಲಿ ಐವತ್ತೆಂಟು ಜನ. ಈ ವಾರ ಇಪ್ಪತ್ಮೂರು ತಾಯಂದಿರು ಸತ್ರು. ಪೋಷಕರ ಸಭೇಲಿ ನೋಡಿದ್ರೆ ಎಲ್ರೂ ಬಿಸಿನೀರು ಕುಡ್ಕೊಂಡು ಕೂತಿದ್ರು.”

ರುಯಿಲಾನ್ ಹಾಳೆಯನ್ನು ಮಡಚಿ ಪುಸ್ತಕದೊಳಗಿಟ್ಟಳು.

“ಅದ್ರಲ್ಲೂ ನೀನು ಸರಿಯಾಗಿ ಸಾಯ್ಸಿಲ್ಲಮ್ಮ. ಸಾಯೋ ತಾಯಿ ಕೈ ಹಿಡ್ಕೊಂಡು ನಗ್ಬೇಕು. ಕಾಲುಚೀಲದ ಮಾತಾಡ್ತಾಳಾ ಯಾರಾದ್ರೂ? ಸಭೆಗೆ ಅಂತ ಮನೆಗೆ ಕಳ್ಸಿದ ಚೀಟೀಲಿ ನಿಮ್ಮಮ್ಮನ ಸಹಿ ಇದೆ, ನೋಡಿದ್ದೀನಿ.”

ಆ ಸಹಿ ಹಾಕಿದವಳು ನಾನು. ಹುಡುಗಿ ಬೇಡಿಕೊಂಡಳೆಂದು ಅವಳ ತಾಯಿಯ ಹೆಸರು ಬರೆದಿದ್ದೆ. ಸೌಟು ಕೆಳಗಿಟ್ಟು ಬಾಯಿ ತೆರೆದೆ. ಅವಳು ಬೇಡವೆಂದು ತಲೆಯಾಡಿಸಿದಳು. ಮೇಷ್ಟ್ರು ಹೋದ ಮೇಲೆ ಹೇಳಿದಳು: “ನಿಜ ಅಂತ ಇವ್ರಿಗೆ ಹೇಳ್ಬಹುದು ಚಿಕ್ಕಮ್ಮ. ಪರೀಕ್ಷೇಲಿ ಪೇಪರ್ ನೋಡೋರಿಗೆ ಯಾರು ಹೇಳ್ತಾರೆ?”

ಪರೀಕ್ಷೆಯ ದಿನ ತಾಯಂದಿರೆಲ್ಲ ಶುಭವಾಗಲೆಂದು ಕೆಂಪು ರೇಷ್ಮೆಯ ಉಡುಪು ತೊಟ್ಟು ಗೇಟಿನ ಹೊರಗೆ ನಿಲ್ಲುತ್ತಾರೆ. ನಾನೂ ಎದುರುಮನೆಯವಳ ಉಡುಪು ಕೇಳಿ ತಂದು ತೊಟ್ಟು ನಿಂತೆ. ಸೊಂಟದಲ್ಲಿ ಬಿಗಿಯುತ್ತಿತ್ತು.

ಹೊರಗೆ ಬಂದವಳನ್ನು ಏನು ಬರೆದೆ ಎಂದು ಕೇಳಿದೆ.

“ನಿಮ್ಮನ್ನೇ. ಅಮ್ಮ ಕೆಂಪು ಬಟ್ಟೆ ಹಾಕ್ಕೊಂಡು ಕಾಯ್ತಿದ್ದಾಳೆ, ನಗ್ತಿದ್ದಾಳೆ ಅಂತ.” ನೀರು ಕುಡಿದು ಬಾಟಲಿ ಹಿಂದಕ್ಕೆ ಕೊಟ್ಟಳು. “ಚೆನ್ನಾಗಿ ಬಂತು.”

ಸೀಟು ಸಿಕ್ಕಿತು. ಅದಕ್ಕಾಗಿ ನಾನು ವರ್ಷವಿಡೀ ಕರುಣೆಯ ದೇವತೆ ಗ್ವಾನ್‌ಯಿನ್ ತಾಯಿಗೆ ಊದುಕಡ್ಡಿ ಹಚ್ಚಿದ್ದೆ. ಕೇಳಿದ್ದನ್ನೇ ಕೊಟ್ಟವಳೊಡನೆ ಈಗ ಸುಳ್ಳು ಬರೆಸಿ ಕೊಟ್ಟೆಯಲ್ಲ ಎಂದು ತಕರಾರು ಮಾಡುವುದು ಹೇಗೆ?

ತಂದೆ ಊರಿಗೆ ಬಂದ. ಪ್ರವೇಶಪತ್ರದ ನಕಲನ್ನು ಹೆಂಡತಿಯ ಸಮಾಧಿಯ ಮುಂದೆ ಸುಡೋಣ, ಅವಳಿಗೂ ತಲುಪಲಿ ಎಂದ. ಮೂವರೂ ಗುಡ್ಡ ಹತ್ತಿದೆವು. ರುಯಿಲಾನ್ ಚೀಲದಿಂದ ತೆಗೆದು ಬೆಂಕಿಗೆ ಹಿಡಿದದ್ದು ಆ ಮೂವತ್ತೊಂದರ ಹಾಳೆಯನ್ನು.

“ಏ, ಕಡ್ಮೆ ಅಂಕದ್ದನ್ನ ಅವಳಿಗ್ಯಾಕೆ ತೋರಿಸ್ತೀಯಾ?” ಎಂದ ತಂದೆ.

“ಬೈಲಿ ಅಂತ,” ಎಂದಳು.