ಕಬಾಬ್ ಚೀನಿಯ ಅರ್ಥ

ಮನುಷ್ಯನನ್ನು ಕೆಡಿಸುವುದು ಅಜ್ಞಾನವಲ್ಲ, ಅರ್ಧ ಜ್ಞಾನ ಎಂದು ತಿಳಿದವರು ಹೇಳುತ್ತಾರೆ. ನನ್ನ ಹತ್ತಿರ ಅರ್ಧವೂ ಇರಲಿಲ್ಲ. ಉರ್ದು ಶಾಲೆಯ ಮೂರನೆಯ ಜಮಾತು ಇತ್ತು. ಗೌರಕ್ಕಾ, ಅದರ ಬಲದಿಂದಲೇ ನಿನ್ನ ಅಪ್ಪನ ಬಾಯಿಗೆ ಬರಬೇಕಿದ್ದ ಔಷಧವನ್ನು ನಾನು ತಪ್ಪಿಸಿದೆ. ಮೊದಲ ದಿನ ತಿಳಿಯದೆ — ಆಮೇಲೆ ತಿಳಿದೂ ತಿಳಿದೂ.

ನಿಜಾಮರ ಕಾಲ ಅದು. ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ ಬರುತ್ತಿತ್ತು. ಮಸ್ಕಿಯ ನಮ್ಮ ಓಣಿಯಲ್ಲಿ ಅದನ್ನು ಓದುವವನು ನಾನೊಬ್ಬ. ಹೆಚ್ಚಿನ ಪಾಲು ಊಹೆಯಿಂದಲೇ ಓದುತ್ತಿದ್ದೆ — ಆದರೆ ಊಹೆಯನ್ನು ಪರೀಕ್ಷಿಸುವವರು ಇಲ್ಲದ ಊರಲ್ಲಿ ಅದಕ್ಕೇ ವಿದ್ಯೆ ಎಂದು ಹೆಸರು. ಎಲ್ಲರೂ ನನ್ನನ್ನು ಮುನಶಿ ಎನ್ನುತ್ತಿದ್ದರು.

ನಿನ್ನ ಅಪ್ಪನಿಗೆ, ಅಂದರೆ ನನ್ನ ದೊಡ್ಡಪ್ಪನಿಗೆ, ಉಚ್ಚೆ ಉರಿ ಶುರುವಾಗಿ ಎರಡು ತಿಂಗಳಾಗಿತ್ತು. ಲಿಂಗಪೂಜೆಗೆ ಕೂತರೆ ನಡುವೆ ಮೂರು ಸಲ ಏಳಬೇಕು. ಎದ್ದಾಗಲೆಲ್ಲ ಮತ್ತೆ ಸ್ನಾನ, ಮತ್ತೆ ಮೊದಲಿನಿಂದ ಪೂಜೆ. ಪೂಜೆ ಮುಗಿಯದೆ ರೊಟ್ಟಿ ಮುಟ್ಟುವವರಲ್ಲ. ಮುಂಜಾನೆಯ ಊಟ ಸಂಜೆಗೆ ಹೋಯಿತು, ಸಂಜೆಯದು ಇಲ್ಲವಾಯಿತು. ಕೊನೆಗೆ ಲಿಂಗಸುಗೂರಿನ ಹಕೀಮರಿಂದ ಚೀಟಿ ಬರೆಸಿಕೊಂಡು ಬಂದರು. ಊರಬಾಗಿಲಿನ ಅಗಸಿ ಕಟ್ಟೆಯ ಮೇಲೆ, ಹತ್ತು ಜನರ ಮುಂದೆ, ಅದನ್ನು ನನ್ನ ಕೈಗಿಟ್ಟರು.

“ಓದಲೇ ಶರಣ್ಯಾ, ಏನ್ ಬರದಾನ?”

ಚೀಟಿಯಲ್ಲಿದ್ದ ಪದಗಳು ನನಗೆ ಬರುತ್ತಿದ್ದವು. ಅದೇ ಅನರ್ಥ.

“ಕಬಾಬ್... ಚೀನಿ. ಹಾಲಿನ ಕೂಡ ತಗೋಬೇಕಂತರಿ ದೊಡ್ಡಪ್ಪಾರ.”

“ಅಂದ್ರ?”

“ಕಬಾಬ್ ಅಂದ್ರ ಸುಟ್ಟ ಮಾಂಸರಿ. ಚೀನಿ ಅಂದ್ರ ಸಕ್ಕರಿ.”

“ಸಕ್ಕರಿ ಯಾಕೋ? ಪಾಪ ಸಿಹಿ ಆಗಲಿ ಅಂತೇನು?” ಎಂದು ಕಟ್ಟೆಯ ಮೇಲಿದ್ದ ಯಾರೋ ನಕ್ಕರು. ದೊಡ್ಡಪ್ಪ ನಗಲಿಲ್ಲ. ಎದೆಯ ಮೇಲಿನ ಲಿಂಗವನ್ನು ಅಂಗೈಯಿಂದ ಮುಚ್ಚಿದರು.

“ಶಿವಶಿವಾ! ಲಿಂಗ ಕಟ್ಟಿದ ಮೈಗೆ ಮಾಂಸ ತಿನ್ನು ಅಂತಾನ? ಇನ್ನ ಅವನ ಹೊಸ್ತಿಲಾ ತುಳಿಯಂಗಿಲ್ಲ. ನೀ ಇರಲಿಲ್ಲಂದ್ರ ನಾ ಕೆಟ್ಟು ಹೋಗತಿದ್ದೆ, ಶರಣ್ಯಾ.”

ಚೀಟಿ ಹರಿದು ಚೂರಾಯಿತು. ಮರುದಿನ ಮಠದಲ್ಲಿ ನನ್ನ ಹೆಗಲಿಗೆ ಶಾಲು ಬಿತ್ತು — ಧರ್ಮ ಉಳಿಸಿದ್ದಕ್ಕೆ.

ಎಂಟು ದಿನದ ಮೇಲೆ ಸಿಂಧನೂರಿನ ಸಂತೆಗೆ ಹೋದವನು, ಬೇರುನಾರಿನ ಅಂಗಡಿಯಲ್ಲಿ ಈ ಪರಾಕ್ರಮವನ್ನು ಬಿಚ್ಚಿ ಹೇಳಿದೆ. ಅಂಗಡಿಯ ಮುದುಕ ಒಂದು ಡಬ್ಬಿ ತೆರೆದು ನನ್ನ ಅಂಗೈಗೆ ನಾಲ್ಕು ಕಾಳು ಸುರುವಿದ. ಮೆಣಸಿನಂಥ ಕಾಳು, ಒಂದೊಂದಕ್ಕೂ ಸಣ್ಣ ತೊಟ್ಟು.

“ಇದ ನೋಡಪಾ ಕಬಾಬ್ ಚೀನಿ. ನಮ್ಮ ಬಾಲಮೆಣಸು. ಉಚ್ಚಿ ಉರಿಗೆ ಚೀನಾದವರೂ ಇದನ್ನ ತಿಂತಾರಂತ.”

“ಇದರಾಗ ಮಾಂಸ...?”

“ಬಾಲ ಐತಿ. ಅಷ್ಟ.”

ಒಂದು ಪೊಟ್ಟಣ ಕಟ್ಟಿಸಿಕೊಂಡೆ. ಮಸ್ಕಿಯವರೆಗೂ ಒಂದೇ ಮಾತನ್ನು ಅಭ್ಯಾಸ ಮಾಡುತ್ತ ಬಂದೆ — ದೊಡ್ಡಪ್ಪಾರ, ನಾ ತಪ್ಪು ಓದೀನಿ. ನಾಲ್ಕೇ ಪದ. ಅಗಸಿ ದಾಟುವಾಗ, “ಬಾರಪಾ ಮುನಶಿ, ಕಬಾಬಿನ ಕಥಿ ನಮ್ಮ ಬೀಗರಿಗೂ ಹೇಳು” ಎಂದು ಕೂಗಿದರು. ಹೇಳಿದೆ. ಹಿಂದಿನ ಸಲಕ್ಕಿಂತ ಚೆನ್ನಾಗಿಯೇ ಹೇಳಿದೆ.

ಅಲ್ಲಿಂದ ಮುಂದೆ ಆ ಕಥೆ ನನ್ನನ್ನು ಹೇಳತೊಡಗಿತು. ಹೊರಗೆ ಬರಲು ಇದ್ದದ್ದು ಒಂದೇ ಬಾಗಿಲು. ಅದರ ಮುಂದೆ ಶಾಲು ಹೊದ್ದ ನಾನೇ ನಿಂತಿದ್ದೆ. ಒಂದು ದಿನ ಧೈರ್ಯ ಮಾಡಿ, “ಬಾಲಮೆಣಸು ಹಾಲಿನಾಗ ಹಾಕ್ಕೊಂಡು ಕುಡದು ನೋಡ್ರಿ” ಎಂದೆ.

“ಯಾರು ಹೇಳ್ಯಾರ?” ಎಂದರು ದೊಡ್ಡಪ್ಪ.

ಹಕೀಮರು ಎಂದರೆ ಎಲ್ಲವನ್ನೂ ಹೇಳಬೇಕು. “ನಾನರಿ” ಎಂದೆ.

“ನೀ ಓದಾವ, ವೈದ್ಯ ಅಲ್ಲ” ಎಂದು ನಕ್ಕು ಬೆನ್ನು ತಟ್ಟಿದರು. ನೀನು ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದೆ, ಗೌರಕ್ಕಾ. ಆ ನಾಲ್ಕು ಪದ ನಾಲಿಗೆಯ ಮೇಲೇ ಇದ್ದವು. ನಾನು —

ಬಾಲಮೆಣಸಿನಿಂದ ಅವರಿಗೆ ಗುಣವಾಗುತ್ತಿತ್ತೋ ಇಲ್ಲವೋ, ಗೊತ್ತಿಲ್ಲ. ಆ ಸಂಶಯದ ನೆರಳಿನಲ್ಲಿ ಬಹಳ ವರ್ಷ ಕೂತು ನೋಡಿದೆ, ನೆರಳೇ ಇರಲಿಲ್ಲ. ನೀನು ಈಗಲೂ ಆ ಹಕೀಮರನ್ನು ಬೈಯುತ್ತೀ. ಆ ಬೈಗುಳ ನನಗೆ ಸೇರಿದ್ದು.

ಶ್ರಾವಣಕ್ಕೆ ಮೊದಲೇ ದೊಡ್ಡಪ್ಪ ತೀರಿಕೊಂಡರು. ಆ ದಿನದ ಪೂಜೆ ಮುಗಿದಿರಲಿಲ್ಲ. ಪೊಟ್ಟಣ ನನ್ನ ಟ್ರಂಕಿನಲ್ಲಿ, ಶಾಲಿನ ಕೆಳಗೆ, ಕಟ್ಟಿದ ಹಾಗೆಯೇ ಇತ್ತು.