ನಾಲ್ಕನೇ ಫ್ಲಾಪಿಗೆ ಕುಂಕುಮ

ಹೊಸಕೋಟೆಯ ಒಂದು ಫ್ಯಾಕ್ಟರಿ ಆಫೀಸಲ್ಲಿ ನಾನು ಅಟೆಂಡರ್. ಹೆಂಡತಿ ತೀರಿಕೊಂಡ ವರ್ಷ, ಆಯುಧ ಪೂಜೆ ಆದ ವಾರಕ್ಕೆ, ಕಂಪ್ಯೂಟರಿಗೆ ಹೊಸ ಪ್ರೋಗ್ರಾಂ ಹಾಕೋಕೆ ಬೆಂಗಳೂರಿಂದ ಒಬ್ಬರು ಮೇಡಂ ಬಂದರು. ಆ ಪ್ರೋಗ್ರಾಂ ಇದ್ದ ಹತ್ತು ಫ್ಲಾಪಿ ಮೊದಲೇ ಬಂದು ಬೀರುವಿನಲ್ಲಿದ್ದವು, ತೆಗೆದುಕೊಟ್ಟೆ. ಮೂರು ಸಲೀಸಾಗಿ ಆದವು. ನಾಲ್ಕನೆಯದಕ್ಕೆ ಗರಗರ ಅಂತ ನಿಂತುಬಿಟ್ಟಿತು.

“ಪ್ರೋಗ್ರಾಂ ಅರ್ಧ ಬಂದು ಕೂತಿದೆ ಸಾರ್. ತೆಗೆಯೋಕೆ ಹೋದ್ರೆ ಇಲ್ಲವೇ ಇಲ್ಲ ಅನ್ನುತ್ತೆ, ಮತ್ತೆ ಹಾಕೋಕೆ ಹೋದ್ರೆ ಆಗಲೇ ಇದೆ ಅನ್ನುತ್ತೆ,” ಅಂದರು ಮೇಡಂ.

ಮ್ಯಾನೇಜರ್ ಕೂಗಾಡಿದರು. “ಫ್ಲಾಪಿ ಯಾರು ಮುಟ್ಟಿದ್ದು? ಗೊತ್ತಾದ್ರೆ ಇವತ್ತೇ ಮನೆಗೆ ಕಳಿಸ್ತೀನಿ!”

ಮನೇಲಿ ಯಾರಿದ್ದಾರೆ ಅಂತ ಹೋಗಲಿ?

ಅವರು ಆಚೆ ಹೋದ ಮೇಲೆ ಮೆಲ್ಲಗೆ ಹೇಳಿದೆ. “ಪೂಜೆ ದಿನ ನಾನೇ ಕುಂಕುಮ ಇಟ್ಟೆ ಮೇಡಂ.”

“ಮೇಲೆ ತಾನೇ?”

“ಬೇರೆದಕ್ಕೆಲ್ಲ ಮೇಲೇ ಇಟ್ಟೆ. ಇದರ ತಗಡಿನ ಬಾಗಿಲು ಸರಿಯಿತು. ಗರ್ಭಗುಡಿ ಅಂದ್ಕೊಂಡು ಒಳಗೇ ಇಟ್ಟೆ.”

ಮೇಡಂ ನಕ್ಕರು ನೋಡಿ, ಕುರ್ಚಿ ಜಾರಿ ಗೋಡೆಗೆ ಬಡಿಯಿತು. ನನಗೂ ತಡೆಯೋಕಾಗಲಿಲ್ಲ. ಹೆಂಡತಿ ಹೋದ ಮೇಲೆ ಅಷ್ಟು ನಕ್ಕಿದ್ದು ಅದೇ ಮೊದಲು.

ಅರ್ಧ ಬಂದದ್ದನ್ನ ಅವರು ಹುಡುಕಿ ಹುಡುಕಿ ಅಳಿಸಿದರು. ತಮ್ಮ ಬ್ಯಾಗಲ್ಲಿದ್ದ ಅದೇ ಪ್ರೋಗ್ರಾಂನ ಬೇರೆ ಫ್ಲಾಪಿಗಳಿಂದ ಮತ್ತೆ ಹಾಕಿದರು. ಪ್ರೋಗ್ರಾಂ ತೆಪ್ಪಗೆ ಕೂತಿತು.

“ಏನಾಗಿತ್ತಮ್ಮಾ?” ಅಂತ ಮ್ಯಾನೇಜರ್ ಬಂದರು.

“ದೃಷ್ಟಿ ತಾಗಿತ್ತು ಸಾರ್,” ಅಂದರು ಮೇಡಂ, ಮುಖ ಬಿಗಿಹಿಡಿದು.

ಮ್ಯಾನೇಜರ್ ನಂಬಿಬಿಟ್ಟರು. ಮಾರನೇ ದಿನದಿಂದ ಕಂಪ್ಯೂಟರಿಗೆ ನಿಂಬೆಹಣ್ಣು ನಿವಾಳಿಸೋ ಕೆಲಸವೂ ನನಗೇ ಬಿತ್ತು.