ನೀಲಿ ಡಬ್ಬಿಯ ಅಪವಾದ

ನನ್ನ ಅಪ್ಪ ಭದ್ರಾವತಿಯ ನ್ಯೂ ಟೌನಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದು ಬಿಳಿ ಡೀಸೆಲ್ ಕಾರು ಓಡಿಸಿದ. ಯಾವ ವಿಷಯಕ್ಕೂ ಹಟ ಮಾಡುವ ಮನುಷ್ಯನಲ್ಲ. ಅಮ್ಮ ಮಾಡಿದ ಸಾರಿಗೆ ಉಪ್ಪಿಲ್ಲದಿದ್ದರೂ ಸುಮ್ಮನೆ ಉಂಡು ಏಳುತ್ತಿದ್ದ. ಆದರೆ ಇಂಜಿನ್ ಆಯಿಲ್ ವಿಷಯ ಬಂದರೆ ಬೇರೆಯೇ ಆಸಾಮಿ. ಸ್ಟ್ಯಾಂಡಿನಲ್ಲಿ ಆಯಿಲ್ ಕಂಪನಿಗಳ ಹೆಸರನ್ನು ಯಾರೂ ಹೇಳುತ್ತಿರಲಿಲ್ಲ, ಡಬ್ಬಿಯ ಬಣ್ಣವೇ ಹೆಸರು. ಹಳದಿ ಡಬ್ಬಿ ಒಳ್ಳೆಯದು, ನೀಲಿ ಡಬ್ಬಿಯನ್ನು ಮುಟ್ಟಬಾರದು. ಹಳದಿ ಡಬ್ಬಿಗಳು ಖಾಲಿಯಾದ ಮೇಲೆ ನಮ್ಮ ಮನೆಯ ಮುಂದೆ ದೊಡ್ಡಪತ್ರೆ, ತುಳಸಿ ಬೆಳೆಯುವ ಕುಂಡಗಳಾಗುತ್ತಿದ್ದವು. ನೀಲಿ ಡಬ್ಬಿಯಲ್ಲಿ ಗಿಡ ನೆಡುವುದಕ್ಕೂ ಅಪ್ಪ ಬಿಡುತ್ತಿರಲಿಲ್ಲ.

ಆ ನೀಲಿ ಡಬ್ಬಿಗೆ ಕೆಟ್ಟ ಹೆಸರು ಬಂದದ್ದು ಅಪ್ಪನಿಂದಲೇ. ನಾನಾಗ ಮೂರನೇ ಕ್ಲಾಸು.

ಕಾರ್ಖಾನೆಯ ಒಬ್ಬ ಫಿಟ್ಟರ್ ಮಗನ ಮದುವೆ ಶಿವಮೊಗ್ಗದ ಛತ್ರದಲ್ಲಿತ್ತು. ಮದುಮಗನನ್ನು ಬೆಳಿಗ್ಗೆ ಕರೆದುಕೊಂಡು ಹೋಗುವ ಬಾಡಿಗೆ ಅಪ್ಪನಿಗೆ ಸಿಕ್ಕಿತ್ತು. ಮದುವೆಗೆಂದು ಎರಡು ದಿನ ಮುಂಚೆ ಆಯಿಲ್ ಬದಲಾಯಿಸಲು ಹೋದರೆ ಅಂಗಡಿಯಲ್ಲಿ ಹಳದಿ ಡಬ್ಬಿ ಮುಗಿದಿತ್ತು. ಅಂಗಡಿಯವನು ಹೊಸದಾಗಿ ಬಂದಿದ್ದ ನೀಲಿ ಡಬ್ಬಿ ಕೊಟ್ಟ. ಅಪ್ಪನ ಸ್ನೇಹಿತ ಮೇಸ್ತ್ರಿ ಹಳೇ ಆಯಿಲ್ ಇಳಿಸಿ ಅದನ್ನು ಹಾಕಿಕೊಟ್ಟರು. ಮೇಸ್ತ್ರಿ ತಮಿಳು ಮಾತಾಡುವ ಮನೆಯವರು. ಅದುವರೆಗೆ ಇನ್ನೊಬ್ಬರ ಗ್ಯಾರೇಜಿನಲ್ಲಿ ದುಡಿಯುತ್ತಿದ್ದವರು, ಮೂರು ತಿಂಗಳ ಹಿಂದಷ್ಟೇ ತಗಡಿನ ಶೆಡ್ಡು ಹಾಕಿ ಸ್ವಂತದ್ದು ತೆರೆದಿದ್ದರು.

ಮದುವೆಯ ದಿನ ಮಾಚೇನಹಳ್ಳಿ ದಾಟಿದ ಸ್ವಲ್ಪ ಹೊತ್ತಿಗೆ ಇಂಜಿನ್ ಕರಕರ ಎಂದು ಹಿಡಿದುಕೊಂಡು ನಿಂತೇಬಿಟ್ಟಿತು. ಮುಹೂರ್ತಕ್ಕೆ ಒಂದು ಗಂಟೆಯೂ ಇರಲಿಲ್ಲ. ಅಪ್ಪ ರಸ್ತೆಯ ಮಧ್ಯಕ್ಕೆ ಹೋಗಿ ಎರಡೂ ಕೈ ಚಾಚಿ ನಿಂತು ಒಂದು ಬಸ್ಸನ್ನು ನಿಲ್ಲಿಸಿದ. ಮದುಮಗ ಪೇಟವನ್ನು ಕೈಯಲ್ಲಿ ಹಿಡಿದು ಪಂಚೆ ಎತ್ತಿಕೊಂಡು ಬಸ್ಸು ಹತ್ತಿದ. ಯಾರೋ ಮುಂದಿನ ಸೀಟು ಬಿಟ್ಟುಕೊಟ್ಟರು. ಕಂಡಕ್ಟರ್ ಟಿಕೆಟ್ ಕೇಳಲಿಲ್ಲ. ಡ್ರೈವರ್ ಯಾವ ಸ್ಟಾಪಿನಲ್ಲೂ ನಿಲ್ಲಿಸದೆ ನೇರ ಛತ್ರದ ಬಾಗಿಲಿಗೆ ಬಸ್ಸು ತಂದು ನಿಲ್ಲಿಸಿದನಂತೆ. ಬಸ್ಸಿನಲ್ಲಿದ್ದವರಲ್ಲಿ ಅರ್ಧ ಜನ ಅಕ್ಷತೆ ಹಾಕಿ, ಊಟ ಮುಗಿಸಿ, ಆಮೇಲೆ ತಮ್ಮ ಕೆಲಸಕ್ಕೆ ಹೋದರಂತೆ.

ಅಪ್ಪ ಒಂದು ಲಾರಿಗೆ ಹಗ್ಗ ಕಟ್ಟಿಸಿ ಕಾರನ್ನು ಮೇಸ್ತ್ರಿಯ ಗ್ಯಾರೇಜಿಗೆ ಎಳೆಸಿಕೊಂಡು ಬಂದ. ಐದಾರು ಡ್ರೈವರುಗಳು ಸುತ್ತ ಸೇರಿ ಏನಾಯಿತೆಂದು ಕೇಳಿದರು.

"ಆಯಿಲ್ ಸರಿ ಇಲ್ಲ ಮಾರಾಯ. ನೀರಿನ ಥರ ತೆಳ್ಳಗಾಗಿ ಸೋರಿ ಹೋಗಿದೆ" ಎಂದ ಅಪ್ಪ.

ಅಷ್ಟೇ. ಆ ಮಾತು ಸಂಜೆಯೊಳಗೆ ಸ್ಟ್ಯಾಂಡಿಗೆ, ವಾರದೊಳಗೆ ಲಾರಿಯವರಿಗೆ, ತಿಂಗಳೊಳಗೆ ಶಿವಮೊಗ್ಗದ ಆಟೋದವರಿಗೆ ಮುಟ್ಟಿತು. ಅಂಗಡಿಯವನು ನೀಲಿ ಡಬ್ಬಿ ತರಿಸುವುದನ್ನೇ ಬಿಟ್ಟ. ಆ ಕಂಪನಿಯ ಏಜೆಂಟ್ ಒಮ್ಮೆ ಸ್ಟ್ಯಾಂಡಿಗೆ ಬಂದು ಎಲ್ಲರಿಗೂ ಪುಕ್ಕಟೆ ಕೀ ಚೈನ್ ಹಂಚಿದ. ಎಲ್ಲರೂ ಕೀ ಚೈನ್ ಇಟ್ಟುಕೊಂಡರು, ಆಯಿಲನ್ನು ಮಾತ್ರ ಯಾರೂ ಕೊಳ್ಳಲಿಲ್ಲ. ಹೊಸ ಹುಡುಗರು ಗಾಡಿ ತಂದಾಗ ಹಿರಿಯರು ಕೊಡುತ್ತಿದ್ದ ಮೊದಲ ಬುದ್ಧಿಮಾತೇ ಇದು. ಅದರಲ್ಲಿ ಕೇಡು ಬಯಸುವುದೇನೂ ಇರಲಿಲ್ಲ. ಇವನ ಇಂಜಿನ್ ಚೆನ್ನಾಗಿರಲಿ, ದಾರಿಯಲ್ಲಿ ನಿಲ್ಲದಿರಲಿ ಎಂಬ ಪ್ರೀತಿಯಿಂದಲೇ ಹೇಳುತ್ತಿದ್ದರು. ಹಾಗೆ ಪ್ರೀತಿಯಿಂದ ಹೇಳಿದ್ದನ್ನು ಯಾರು ಪರೀಕ್ಷಿಸಿ ನೋಡುತ್ತಾರೆ?

ನಾನು ನೋಡಿದೆ. ಬಿ.ಎಸ್ಸಿ. ಮುಗಿಸಿ ಒಂದು ಕಾರ್ಖಾನೆಯ ಲ್ಯಾಬಿನಲ್ಲಿ ಕೆಲಸಕ್ಕೆ ಸೇರಿದ್ದೆ. ಯಂತ್ರಗಳಿಗೆ ಹಾಕುವ ಎಣ್ಣೆಗಳನ್ನು ಪರೀಕ್ಷಿಸುವುದೇ ನನ್ನ ಕೆಲಸ. ಆ ವಯಸ್ಸಿನಲ್ಲಿ ಕಲಿತದ್ದನ್ನು ಮನೆಯವರ ಮೇಲೆ ಪ್ರಯೋಗಿಸದಿದ್ದರೆ ಸಮಾಧಾನವಿಲ್ಲ. ಶಿವಮೊಗ್ಗದಿಂದ ಹಳದಿಯದೊಂದು, ನೀಲಿಯದೊಂದು ಡಬ್ಬಿ ತಂದು, ಮೇಲಿನವರ ಒಪ್ಪಿಗೆ ಪಡೆದು ಎರಡನ್ನೂ ಕಾಯಿಸಿ ಗಾಜಿನ ಕೊಳವೆಯಲ್ಲಿ ಇಳಿಸಿ ನೋಡಿದೆ. ಬಿಸಿಯಲ್ಲಿ ಎರಡೂ ಒಂದೇ ಹದಕ್ಕೆ ತೆಳ್ಳಗಾಗುತ್ತಿದ್ದವು. ಏನೇನೂ ವ್ಯತ್ಯಾಸವಿಲ್ಲ. ಅದನ್ನು ಒಂದು ಹಾಳೆಯಲ್ಲಿ ಬರೆದುಕೊಂಡು ಭಾನುವಾರ ಸ್ಟ್ಯಾಂಡಿಗೇ ಹೋದೆ. ಅಪ್ಪ, ನಾಲ್ಕೈದು ಡ್ರೈವರುಗಳು, ಮೇಸ್ತ್ರಿ ಮಾಮ ಎಲ್ಲ ಟೀ ಕುಡಿಯುತ್ತಿದ್ದರು.

"ಅಪ್ಪ, ನೀಲಿ ಡಬ್ಬಿ ಆಯಿಲ್ ಕೆಟ್ಟದ್ದಲ್ಲ. ನಾನೇ ಟೆಸ್ಟ್ ಮಾಡಿದೀನಿ, ನೋಡು" ಎಂದು ಹಾಳೆ ಚಾಚಿದೆ.

ಅಪ್ಪ ಹಾಳೆ ತೆಗೆದುಕೊಳ್ಳಲಿಲ್ಲ. "ಪರೀಕ್ಷೇಲಿ ಪಾಸಾದವರೆಲ್ಲ ಕೆಲಸ ಚೆನ್ನಾಗಿ ಮಾಡ್ತಾರೇನಮ್ಮ?" ಎಂದ. ಎಲ್ಲರೂ ನಕ್ಕರು.

ಮೇಸ್ತ್ರಿ ಮಾಮ ಒಬ್ಬರು ನಗಲಿಲ್ಲ. ಅವರು ನನ್ನನ್ನು ಚಿಕ್ಕಂದಿನಿಂದ 'ಕಣ್ಣು' ಎಂದೇ ಮುದ್ದಿನಿಂದ ಕರೆಯುತ್ತಿದ್ದವರು. "ಲ್ಯಾಬಲ್ಲಿ ಒಂಥರ, ರೋಡಲ್ಲಿ ಒಂಥರ ಕಣ್ಣು. ನಿಂಗೆ ಗೊತ್ತಾಗಲ್ಲ" ಎಂದು ಟೀ ಲೋಟ ಕೆಳಗಿಟ್ಟು ಎದ್ದು ಹೋದರು. ನನಗೆ ಅಳುವೇ ಬಂತು. ಎರಡು ದಿನ ಅಪ್ಪನ ಜೊತೆ ಮಾತಾಡಲಿಲ್ಲ. ಓದಿಲ್ಲದವರ ಮೊಂಡುತನ ಎಂದುಕೊಂಡೆ. ಹಾಗೆಂದುಕೊಂಡದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ವರ್ಷಗಳು ಕಳೆದವು. ನಾನು ಮದುವೆಯಾಗಿ ಶಿವಮೊಗ್ಗದ ವಿನೋಬನಗರಕ್ಕೆ ಬಂದೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನೂ ನಮ್ಮ ಜೊತೆಗೇ ಬಂದ. ಬಿಳಿ ಕಾರು ಮಾರಿಯಾಯಿತು. ಹೋದ ವರ್ಷ ಮೇಸ್ತ್ರಿ ಮಾಮನಿಗೆ ಹೃದಯದ ಆಪರೇಷನ್ ಆಗಿದೆ ಎಂದು ತಿಳಿದು, ಅಪ್ಪನನ್ನು ನನ್ನ ಕಾರಿನಲ್ಲಿ ಕೂರಿಸಿಕೊಂಡು ಭದ್ರಾವತಿಗೆ ಹೋದೆ. ಮಾಮ ಬಹಳ ಸೊರಗಿದ್ದರು. ಕುಳಿತು ಸ್ವಲ್ಪ ಹೊತ್ತಾದ ಮೇಲೆ ಅಪ್ಪ ಎಳನೀರು ತರುತ್ತೇನೆಂದು ಹೊರಗೆ ಹೋದ. ಮಾಮ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಕಣ್ಣು, ಅವ್ರು ಬರೋದ್ರೊಳಗೆ ಒಂದು ಮಾತು. ಆ ನೀಲಿ ಡಬ್ಬಿ ಆಯಿಲಲ್ಲಿ ಏನೂ ದೋಷ ಇರ್ಲಿಲ್ಲ."

"ನಂಗೊತ್ತು ಮಾಮ. ಅವತ್ತು ಟೆಸ್ಟ್ ಮಾಡಿ ತಂದಿದ್ನಲ್ಲ."

"ನಿಂಗಿಂತ ಮೊದಲೇ ನಂಗೊತ್ತಿತ್ತು. ಆಯಿಲ್ ಇಳಿಸೋ ಕೆಳಗಡೆ ನಟ್ಟು ಇರುತ್ತಲ್ಲ, ಅದನ್ನ ನಾನು ಕೈಯಲ್ಲಿ ತಿರುಗಿಸಿ ಬಿಟ್ಟಿದ್ದೆ. ಪಾನಾ ಹಾಕಿ ಬಿಗಿ ಮಾಡೋದು ಮರೆತುಹೋಯ್ತು. ಅವತ್ತು ಮನೇಲಿ ನನ್ನ ಹೆಂಡ್ತಿಗೆ ಹೆರಿಗೆ ನೋವು ಅಂತ ಯಾರೋ ಕರೆಯೋಕೆ ಬಂದ್ರು, ಓಡಿಬಿಟ್ಟೆ."

ನಟ್ಟು ಅದುರಿ ಅದುರಿ ದಾರಿಯಲ್ಲಿ ಬಿದ್ದುಹೋಗಿತ್ತು. ಆಯಿಲೆಲ್ಲ ರಸ್ತೆಪಾಲು. ಕಾರನ್ನು ಎಳೆದು ತಂದಾಗ ಮಾಮ ಕೆಳಗೆ ಮಲಗಿ ನೋಡಿದರೆ, ನಟ್ಟು ಇರಬೇಕಾದ ತೂತಿಗೆ ಅಪ್ಪ ತನ್ನ ಕರವಸ್ತ್ರ ಸುತ್ತಿದ ಮರದ ಬೆಣೆಯೊಂದನ್ನು ಜಡಿದಿದ್ದ. ಅಂದರೆ ಅಪ್ಪನಿಗೆ ಎಲ್ಲವೂ ಗೊತ್ತಿತ್ತು. ಅದೇ ಹೊತ್ತಿಗೆ ಮೇಲೆ ನಿಂತವರಿಗೆ, ಆಯಿಲ್ ಸರಿ ಇಲ್ಲ ಎಂದು ಅಪ್ಪ ಹೇಳುತ್ತಿದ್ದುದು ಮಾಮನ ಕಿವಿಗೆ ಬಿತ್ತು. ಮಾಮ ಬೆಣೆ ಕಿತ್ತು ಜೇಬಿಗೆ ಹಾಕಿಕೊಂಡು ಹೊರಗೆ ಬಂದು, "ಹೌದು, ಆಯಿಲೇ" ಎಂದುಬಿಟ್ಟರು.

"ಗ್ಯಾರೇಜು ಹೊಸದು. ನಿಜ ಹೇಳಿದ್ರೆ ಒಬ್ರೂ ಗಾಡಿ ತರ್ತಿರ್ಲಿಲ್ಲ. ಅಣ್ಣ ಅವತ್ತಿಂದ ಇವತ್ತಿನವರೆಗೆ ಒಂದ್ಸಲನೂ ಆ ಮಾತು ಎತ್ತಿಲ್ಲ. ನಾನು ಬಂದವರಿಗೆಲ್ಲ ನೀಲಿ ಡಬ್ಬಿ ಬೇಡ ಅಂತ ಹೇಳ್ಕೊಂಡೇ ಬಂದೆ. ಇನ್ನೇನು ಮಾಡ್ಲಿ?"

ಅಷ್ಟರಲ್ಲಿ ಅಪ್ಪ ಎಳನೀರು ಹಿಡಿದು ಒಳಗೆ ಬಂದ. ಮಾತು ಹೃದಯದ ಡಾಕ್ಟರರ ಕಡೆಗೆ ತಿರುಗಿತು.

ವಾಪಸು ಬರುವಾಗ ನಾನು ಸುಮ್ಮನಿರಲಾಗದೆ ಹೇಳಿಯೇಬಿಟ್ಟೆ. "ಅಪ್ಪ, ನಟ್ಟಿನ ವಿಷಯ ಮಾಮ ಹೇಳಿದ್ರು."

"ಹೇಳಿದ್ನಾ, ಪಾಪ" ಎಂದ ಅಪ್ಪ. ಆಮೇಲೆ, "ಅವನು ಅರ್ಧ ಹೇಳಿದಾನೆ. ಇನ್ನರ್ಧ ಅವನಿಗೆ ಗೊತ್ತಿಲ್ಲ" ಎಂದ.

"ಏನದು?"

"ಇಂಜಿನ್ ನಿಲ್ಲೋ ಮುಂಚೆ, ಆಯಿಲ್ ಇಲ್ಲ ಅಂತ ತೋರಿಸೋ ಕೆಂಪು ಲೈಟ್ ಹತ್ತಿತ್ತು. ನಾನು ನೋಡ್ದೆ. ನೋಡಿನೂ ಓಡಿಸ್ದೆ. ಮುಹೂರ್ತಕ್ಕೆ ಹೊತ್ತಾಗುತ್ತೆ, ಶಿವಮೊಗ್ಗ ಮುಟ್ಟಿಸಿಬಿಡೋಣ ಅಂತ. ಅಲ್ಲೇ ನಿಲ್ಲಿಸಿದ್ರೆ ಇಂಜಿನ್ ಉಳೀತಿತ್ತು. ಅವನು ನಟ್ಟು ಮರೆತ, ನಾನು ಲೈಟ್ ನೋಡಿ ಓಡಿಸ್ದೆ. ತಪ್ಪು ಮಾಡದೆ ಇದ್ದದ್ದು ಆ ಡಬ್ಬಿ ಒಂದೇ."

"ಮತ್ತೆ ಅದಕ್ಕೇ ಯಾಕೆ ಬೈದೆ?"

"ಡಬ್ಬಿಗೆ ಬೈದ್ರೆ ಡಬ್ಬಿಗೇನು ಬೇಜಾರಾಗುತ್ತಾ? ಅವನಿಗೆ ಬೈದ್ರೆ ಅವನ ಒಲೆ ಆರಿ ಹೋಗ್ತಿತ್ತು. ನನಗೆ ನಾನೇ ಬೈಕೊಂಡ್ರೆ ನಾಳೆ ನನ್ನ ಕಾರಿಗೆ ಯಾರು ಹತ್ತುತಾರೆ?"

ನಾನು ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿದೆ. ಮಾಮ ಇಷ್ಟು ವರ್ಷ ತಪ್ಪಿನ ಹೊರೆಯನ್ನೆಲ್ಲ ತಾವೊಬ್ಬರೇ ಹೊತ್ತಿದ್ದರು. ಆಪರೇಷನ್ ಆದ ಎದೆಯ ಮೇಲೆ ಅದು ಇನ್ನೂ ಕೂತಿತ್ತು.

"ಇದನ್ನ ಮಾಮಂಗೆ ಯಾಕೆ ಹೇಳ್ಲಿಲ್ಲ ನೀನು?"

"ಹೇಳೋಕೆ ಹೋದಾಗೆಲ್ಲ ಅವನು ಬೇರೆ ಮಾತು ತೆಗೀತಾನೆ. ತನ್ನ ನಟ್ಟಿನ ವಿಷಯ ಎತ್ತುತೀನಿ ಅಂತ ಹೆದರಿಕೆ. ಆಮೇಲೆ ನನಗೂ ಬಾಯಿ ಬರ್ಲಿಲ್ಲ."

"ಕಾರು ತಿರುಗಿಸ್ಲಾ?"

ಅಪ್ಪ ತಲೆ ಹೊರಳಿಸಿ ಬಂದ ದಾರಿಯ ಕಡೆ ನೋಡಿದ. "ತಿರುಗಿಸು" ಎಂದ.

ನಾವು ಮತ್ತೆ ಬಾಗಿಲಲ್ಲಿ ಕಂಡಾಗ ಮಾಮ ಗಾಬರಿಯಾದರು. ಅಪ್ಪ ಕೂರಲೂ ಇಲ್ಲ. ನಿಂತೇ, ಶಾಲೆಯಲ್ಲಿ ಪಾಠ ಒಪ್ಪಿಸುವವನ ಹಾಗೆ ಲೈಟ್ ಹತ್ತಿದ್ದು, ನೋಡಿದ್ದು, ಓಡಿಸಿದ್ದು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಮಾಮ ಹಾಸಿಗೆಯಿಂದ ಸ್ವಲ್ಪ ಮೇಲೆದ್ದು, ಕಸುಬುದಾರನ ಸಿಟ್ಟಿನಿಂದಲೇ ಕೇಳಿದರು.

"ಲೈಟ್ ಹತ್ತಿದ ಮೇಲೂ ಓಡಿಸಿದ್ರಾ? ಎಷ್ಟು ದೂರ?"

"ಒಂದೆರಡು ಮೈಲಿ."

"ಎರಡು ಮೈಲಿ" ಎಂದು ಮಾಮ ಹಣೆ ಚಚ್ಚಿಕೊಂಡರು. "ಅಣ್ಣಾ, ಆ ಇಂಜಿನ್ ಬಿಚ್ಚಿದಾಗ ನಾನು ಅತ್ತಿದೀನಿ. ನನ್ನಿಂದ ಇಷ್ಟು ಹಾಳಾಯ್ತಲ್ಲ ಅಂತ."

"ಗೊತ್ತು ಮಾರಾಯ. ನಾನು ಹೊರಗೆ ನಿಂತಿದ್ದೆ."

ಮಾಮ ನಗಲು ಶುರು ಮಾಡಿದರು. ಎದೆಯ ಹೊಲಿಗೆ ನೋಯುತ್ತದೆಂದು ಒಂದು ಕೈಯಿಂದ ದಿಂಬನ್ನು ಅವುಚಿಕೊಂಡು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಪ್ಪ ಅವರ ಕಾಲ ಬಳಿ ಮಂಚದ ತುದಿಯಲ್ಲಿ ಕೂತ. ಅವರ ಮಗಳು ಮತ್ತೊಮ್ಮೆ ಕಾಫಿ ತಂದಳು. ಹೊರಡುವಾಗ ನಾನು, ಇನ್ನಾದರೂ ಆ ನೀಲಿ ಡಬ್ಬಿಯ ಮೇಲಿನ ಅಪವಾದ ತೆಗೆಯಬೇಕಲ್ಲವೇ ಎಂದೆ. ಇಬ್ಬರೂ ಒಟ್ಟಿಗೆ ಬೇಡವೆಂದು ತಲೆಯಾಡಿಸಿದರು.

ಮುಂದಿನ ತಿಂಗಳು ನನ್ನ ಕಾರಿಗೆ ಆಯಿಲ್ ಬದಲಾಯಿಸಬೇಕಿತ್ತು. ಆ ಕಂಪನಿಯ ಆಯಿಲ್ ಈಗ ಪ್ಲಾಸ್ಟಿಕ್ ಕ್ಯಾನಿನಲ್ಲಿ ಬರುತ್ತದೆ, ಬಣ್ಣವೂ ಬದಲಾಗಿದೆ. ಅದನ್ನೇ ಹಾಕಿಸಲೇ ಎಂದು ಅಪ್ಪನನ್ನು ಕೇಳಿದೆ.

"ಹಾಕ್ಸು" ಎಂದ. ಮೆಟ್ಟಿಲಿಳಿಯುತ್ತಿದ್ದಾಗ ಮತ್ತೆ ಕೂಗಿ ಹೇಳಿದ: "ಶಿವಮೊಗ್ಗದಲ್ಲೇ ಹಾಕ್ಸು. ಭದ್ರಾವತೀಲಿ ಬೇಡ. ಅಲ್ಲಿ ಯಾರೂ ಹಾಕಲ್ಲ."